ಮಾವ ತಂದ ಹಗುರ ನೀರು

ಹನ್ನೆರಡು ವರ್ಷದಿಂದ ನಾನು ಪಿಯುಸಿ ಮಕ್ಕಳಿಗೆ ಒಂದು ಅರ್ಧ ಸುಳ್ಳು ಹೇಳಿಕೊಂಡು ಬಂದಿದ್ದೇನೆ. ದಾವಣಗೆರೆಯಲ್ಲಿ ಕೆಮಿಸ್ಟ್ರಿ ಟ್ಯೂಷನ್ ಹೇಳುವುದು ನನ್ನ ಕೆಲಸ. ಮೊದಲ ವಾರದಲ್ಲೇ ಬೋರ್ಡ್ ಮೇಲೆ ಬರೆಯುತ್ತೇನೆ: ಐಸೋಟೋಪುಗಳಲ್ಲಿ ಪ್ರೋಟಾನ್ ಸಂಖ್ಯೆ ಒಂದೇ, ನ್ಯೂಟ್ರಾನ್ ಸಂಖ್ಯೆ ಬೇರೆ, ಅದಕ್ಕೇ ತೂಕ ಬೇರೆ, ಆದರೆ ರಾಸಾಯನಿಕ ಗುಣ ಒಂದೇ. ಮಕ್ಕಳು ಬರೆದುಕೊಳ್ಳುತ್ತಾರೆ. ಪರೀಕ್ಷೆಗೆ ಅಷ್ಟು ಸಾಕು. 'ಸರ್, ಒಂದೇ ಅಂದ್ರೆ ಎಷ್ಟು ಒಂದೇ?' ಅಂತ ಇದುವರೆಗೆ ಒಬ್ಬರೂ ಕೇಳಿಲ್ಲ. ಕೇಳಿದ್ದು ಹಿರಿಯೂರಿನ ನನ್ನ ಸೋದರಮಾವ. ಅವರು ಓದಿದ್ದು ಎಸ್ಸೆಸ್ಸೆಲ್ಸಿ.

ಹೋದ ತಿಂಗಳು ಮಾವ ಬಸ್ಸಿನಲ್ಲಿ ಒಂದು ರಟ್ಟಿನ ಡಬ್ಬ ಹೊತ್ತು ತಂದರು. ಒಳಗೆ ಅರ್ಧ ಲೀಟರಿನ 12 ಬಾಟಲಿ ನೀರು. ಅವರೂರಿನ ಕಲ್ಯಾಣ ಮಂಟಪದಲ್ಲಿ ಯಾವುದೋ ಕಂಪನಿಯವರು ಆರೋಗ್ಯ ಶಿಬಿರ ಅಂತ ಮಾಡಿ, ಪುಕ್ಕಟೆ ಬಿಪಿ ನೋಡಿ, ಲ್ಯಾಪ್‌ಟಾಪಿನಲ್ಲಿ ಬಣ್ಣಬಣ್ಣದ ಚಿತ್ರ ತೋರಿಸಿ, ಕೊನೆಗೆ ಬಾಟಲಿಗೆ ₹350ರ ಹಾಗೆ ಇದನ್ನು ಕೊಟ್ಟು ಕಳಿಸಿದ್ದಾರೆ. ಲೆಕ್ಕ ಹಾಕಿ, ₹4,200. ಲೇಬಲ್ ಮೇಲೆ 'ಡ್ಯುಟೀರಿಯಂ ಕಡಿಮೆ ಮಾಡಿದ ನೀರು, 25 ಪಿಪಿಎಂ' ಅಂತ ಇತ್ತು. ಪಿಪಿಎಂ ಅಂದರೆ ಹತ್ತು ಲಕ್ಷಕ್ಕೆ ಎಷ್ಟು ಅನ್ನುವ ಲೆಕ್ಕ.

"ಅಳಿಯಾ, ನಾವು ಕುಡಿಯೋ ನೀರಲ್ಲಿ ಭಾರದ ಹೈಡ್ರೋಜನ್ ಐತಂತೆ. ಅದು ವಿಷ ಇದ್ದಂಗಂತೆ. ಇದರಲ್ಲಿ ಅದನ್ನ ತೆಗೆದಿದಾರಂತೆ. ಶುಗರ್ ಇಳೀತದಂತೆ. ಹೌದೇನು?"

ನಾನು ನಕ್ಕುಬಿಟ್ಟೆ. ಐಸೋಟೋಪ್ ಯಾವುದಾದರೇನು ಮಾವ, ನೀರು ನೀರೇ, ಗುಣ ಎಲ್ಲ ಒಂದೇ ಅಂದೆ. ಮಾವ ಸುಮ್ಮನಿರಲಿಲ್ಲ. "ಎಲ್ಲಾ ಒಂದೇ ಆದ್ರೆ ಕೈಗಾದಲ್ಲಿ ಬೇರೆ ನೀರು ಯಾಕೆ ಹಾಕ್ತಾರೆ?" ಅಂದರು. ಪೇಪರನ್ನು ಮೊದಲ ಪುಟದಿಂದ ಟೆಂಡರ್ ಜಾಹೀರಾತಿನವರೆಗೆ ಬಿಡದೆ ಓದುವ ಮನುಷ್ಯ. ಕೈಗಾ ಅಣು ವಿದ್ಯುತ್ ಸ್ಥಾವರದ ಒಂದನೇ ಘಟಕ 962 ದಿನ ನಿಲ್ಲದೆ ಓಡಿ 2018ರ ಕೊನೆಯಲ್ಲಿ ವಿಶ್ವದಾಖಲೆ ಮಾಡಿದ್ದು ಅವರಿಗೆ ಬಾಯಿಪಾಠ. ನಮ್ಮ ಚಳ್ಳಕೆರೆ ಕಡೆ ಅಣುಶಕ್ತಿಯವರು ಬೇಲಿ ಹಾಕಿದಾರಲ್ಲ ಅಲ್ಲೂ ಇದನ್ನೇ ಮಾಡ್ತಾರಾ ಅಂತಲೂ ಕೇಳಿದರು. ಅದು ಬೇರೆ ವಿಷಯ ಮಾವ ಅಂತ ಹೇಳಿ ಜಾರಿಕೊಂಡೆ. ಆದರೆ ಕೈಗಾದ ಪ್ರಶ್ನೆ ಮಾತ್ರ ರಾತ್ರಿಯೆಲ್ಲ ತಲೆಯಲ್ಲಿ ಕೂತಿತ್ತು.

ಕೈಗಾದಲ್ಲಿ ಹಾಕುವುದು ಭಾರಜಲ, ಅಂದರೆ ಸಾಮಾನ್ಯ ಹೈಡ್ರೋಜನ್ ಜಾಗದಲ್ಲಿ ಡ್ಯುಟೀರಿಯಂ ಇರುವ ನೀರು. ಸಾಮಾನ್ಯ ಹೈಡ್ರೋಜನ್ನಿನ ಗರ್ಭದಲ್ಲಿ ಒಂದೇ ಪ್ರೋಟಾನ್. ಡ್ಯುಟೀರಿಯಂನಲ್ಲಿ ಅದರ ಜೊತೆ ಒಂದು ನ್ಯೂಟ್ರಾನ್. ಇದು ಬೇರೆ ನ್ಯೂಟ್ರಾನುಗಳನ್ನು ಅಷ್ಟಾಗಿ ನುಂಗದೆ, ಬರೀ ಅವುಗಳ ವೇಗ ಇಳಿಸುತ್ತದೆ. ಹಾಗಾಗಿ ಸಂವರ್ಧನೆ ಮಾಡದ, ಅಂದರೆ ಯುರೇನಿಯಂ 235ರ ಪಾಲು ಹೆಚ್ಚಿಸದ ಯುರೇನಿಯಂ ಇಟ್ಟುಕೊಂಡೇ ರಿಯಾಕ್ಟರ್ ನಡೆಸಬಹುದು. ಅದು ಪರಮಾಣು ಗರ್ಭದ ವ್ಯವಹಾರ, ಕೆಮಿಸ್ಟ್ರಿ ಅಲ್ಲ. ಅಂದರೆ ಮಾವನ ಪ್ರಶ್ನೆಗೆ ನಾನು ತಪ್ಪಿಸಿಕೊಳ್ಳಬಹುದಿತ್ತು. ಆದರೆ ಕೆಮಿಸ್ಟ್ರಿಯೂ ಒಂದೇ ಅಲ್ಲ ಅಂತ ನನಗೆ ಗೊತ್ತಲ್ಲ. ಎಂಎಸ್ಸಿ ಓದುವಾಗ ಕಣ್ಣಾರೆ ನೋಡಿದ್ದೇನೆ.

ಆಗ ನನ್ನ ಪ್ರಾಜೆಕ್ಟ್‌ಗೆ ಎನ್ಎಂಆರ್ ಬೇಕಿತ್ತು, ಅದು ಅಣುವಿನಲ್ಲಿರುವ ಸಾಮಾನ್ಯ ಹೈಡ್ರೋಜನ್ನುಗಳನ್ನು ಗೆರೆಗಳಾಗಿ ತೋರಿಸುವ ಯಂತ್ರ. ಸ್ಯಾಂಪಲ್ ಕರಗಿಸಲು ಭಾರಜಲ ಸಣ್ಣ ಸಣ್ಣ ಶೀಷೆಯಲ್ಲಿ ಬರುತ್ತಿತ್ತು. ನೋಡಲು ಥೇಟ್ ನೀರು. ಕೈಯಲ್ಲಿ ಹಿಡಿದರೆ ಮಾತ್ರ, ಗೊತ್ತಿದ್ದವರಿಗೆ, ಸ್ವಲ್ಪ ತೂಕ ಅನ್ನಿಸುತ್ತದೆ, ನೂರು ಎಂಎಲ್ ನೀರು ನೂರು ಗ್ರಾಂ ಇದ್ದರೆ ಇದು ಸುಮಾರು 110 ಗ್ರಾಂ. ಒಂದು ದಿನ ನಮ್ಮ ಸೀನಿಯರ್ ಒಂದಿಷ್ಟು ಭಾರಜಲವನ್ನು ಫ್ರಿಜ್ಜಿನಲ್ಲಿ ಗಟ್ಟಿ ಮಾಡಿ ಬೀಕರಿನ ನೀರಿಗೆ ಹಾಕಿದ. ಐಸ್ ತೇಲಲಿಲ್ಲ. ಟಣ್ ಅಂತ ತಳಕ್ಕೆ ಹೋಗಿ ಕೂತಿತು. ಪಕ್ಕದಲ್ಲೇ ಮಾಮೂಲಿ ಐಸ್ ತುಂಡು ತೇಲುತ್ತಿತ್ತು. ಇದು ಗಟ್ಟಿಯಾಗುವುದೂ ಸೊನ್ನೆ ಡಿಗ್ರಿಯಲ್ಲಲ್ಲ, 3.8 ಡಿಗ್ರಿಯಲ್ಲಿ. ಕುದಿಯುವುದು 101.4ರಲ್ಲಿ.

ಅದೇ ವಾರ ನಾನೊಂದು ಯಡವಟ್ಟು ಮಾಡಿದೆ. ಶೀಷೆಯ ಮುಚ್ಚಳ ಸರಿಯಾಗಿ ಮುಚ್ಚದೆ ಚಹಾಕ್ಕೆ ಹೋದೆ. ವಾಪಸ್ ಬಂದು ಸ್ಪೆಕ್ಟ್ರಂ ತೆಗೆದರೆ ಮಾಮೂಲಿ ನೀರಿನ ಹೈಡ್ರೋಜನ್ ಬರುವ ಜಾಗದಲ್ಲಿ ಗೋಪುರದಂಥ ಗೆರೆ. ನನ್ನ ಸ್ಯಾಂಪಲ್ಲಿನ ಗೆರೆಗಳು ಅದರ ಪಕ್ಕ ಗುಬ್ಬಚ್ಚಿ ಹಾಗೆ ಕಾಣುತ್ತಿದ್ದವು. ಭಾರಜಲ ಗಾಳಿಯಲ್ಲಿರುವ ತೇವವನ್ನು ಎಳೆದುಕೊಂಡು, ಅದರ ಜೊತೆ ಹೈಡ್ರೋಜನ್ ಅದಲು ಬದಲು ಮಾಡಿಕೊಂಡಿತ್ತು. ನೀರಿನಲ್ಲಿ ಈ ಅದಲು ಬದಲು ಸದಾ ನಡೆಯುತ್ತಲೇ ಇರುತ್ತದೆ. ಆಲ್ಕೋಹಾಲ್ ಇರುವ ಸ್ಯಾಂಪಲ್ಲಿಗೆ ಒಂದು ಹನಿ ಭಾರಜಲ ಹಾಕಿ ಅಲ್ಲಾಡಿಸಿದರೆ ಓಹೆಚ್ ಗುಂಪಿನ ಗೆರೆ ಮಾಯ, ಯಾಕೆಂದರೆ ಅಲ್ಲಿದ್ದ ಹೈಡ್ರೋಜನ್ ಎದ್ದು ಹೋಗಿ ಡ್ಯುಟೀರಿಯಂ ಬಂದು ಕೂತಿರುತ್ತದೆ. ಗೈಡ್ ಬೈದರು. ಶೀಷೆಯ ಬೆಲೆ ಹೇಳಿ ಬೈದರು.

ಮಾವನಿಗೆ ಮೊದಲು ಹೇಳಿದ್ದು ಪ್ರಮಾಣದ ಲೆಕ್ಕ. ಸಮುದ್ರದ ನೀರಿನಲ್ಲಿ ಹತ್ತು ಲಕ್ಷ ಹೈಡ್ರೋಜನ್ನಿಗೆ ಸುಮಾರು 156 ಡ್ಯುಟೀರಿಯಂ, ಅಂದರೆ 6,400ಕ್ಕೆ ಒಂದು. ನಮ್ಮ ಬೀದಿಗೆ ಬರುವ ಟ್ರ್ಯಾಕ್ಟರ್ ಟ್ಯಾಂಕರಿನಲ್ಲಿ ಐದಾರು ಸಾವಿರ ಲೀಟರ್ ಹಿಡಿಯುತ್ತದೆ ಅಲ್ವಾ, ಅದರಲ್ಲಿರುವುದನ್ನೆಲ್ಲ ಬೇರ್ಪಡಿಸಿದರೆ ಹತ್ತಿರ ಹತ್ತಿರ ಒಂದು ಕೆಜಿ ಭಾರಜಲ. ಹಿರಿಯೂರಿನ ವಾಣಿ ವಿಲಾಸ ಸಾಗರ, ಅದೇ ಮಾರಿಕಣಿವೆ ಅಣೆಕಟ್ಟು, ತುಂಬಿದಾಗ 30 ಟಿಎಂಸಿ. ಅದರಲ್ಲಿ ಒಂದೂವರೆ ಲಕ್ಷ ಟನ್ ಹತ್ತಿರ ಬರುತ್ತದೆ. ಮಾವನ ಕಣ್ಣು ದೊಡ್ಡದಾಯಿತು. ಮಾರಿಕಣಿವೆ ಅಂದರೆ ಅವರಿಗೆ ಮನೆ ದೇವರಿದ್ದ ಹಾಗೆ. 2022ರ ಸೆಪ್ಟೆಂಬರಿನಲ್ಲಿ ಕೋಡಿ ಬಿದ್ದಾಗ ಮೂರು ದಿನ ಅಂಗಡಿ ಮುಚ್ಚಿಕೊಂಡು ನೋಡಲು ಹೋಗಿದ್ದರು. ಅದಕ್ಕೂ ಹಿಂದೆ ಕೋಡಿ ಬಿದ್ದದ್ದು 1933ರಲ್ಲಿ, ಅವರ ಅಪ್ಪ ನೋಡಿದ್ದರಂತೆ. ಅದೇ 1933ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಗಿಲ್ಬರ್ಟ್ ಲೂಯಿಸ್ ಮೊದಲ ಬಾರಿಗೆ ಹೆಚ್ಚುಕಮ್ಮಿ ಶುದ್ಧವಾದ ಭಾರಜಲ ತೆಗೆದದ್ದು. ಒಂದು ಕಡೆ ಕೆರೆ ತುಂಬ ನೀರು ಕೋಡಿ ಹರಿಯುತ್ತಿದ್ದರೆ ಇನ್ನೊಂದು ಕಡೆ ಒಬ್ಬ ಮನುಷ್ಯ ಕೆಲವು ಹನಿಗೆ ಒದ್ದಾಡುತ್ತಿದ್ದ. ಎರಡಕ್ಕೂ ಸಂಬಂಧ ಏನೂ ಇಲ್ಲ, ನನಗೆ ಮಜಾ ಅನ್ನಿಸಿತು ಅಷ್ಟೇ.

ಅದಕ್ಕೆ ಎರಡು ವರ್ಷ ಮೊದಲು, 1931ರಲ್ಲಿ, ಹೆರಾಲ್ಡ್ ಯೂರಿ ಡ್ಯುಟೀರಿಯಂ ಇದೆ ಅಂತ ತೋರಿಸಿದ್ದರು. ದ್ರವ ಹೈಡ್ರೋಜನ್ನನ್ನು ಆವಿಯಾಗಲು ಬಿಟ್ಟು, ಕೊನೆಗೆ ತಳದಲ್ಲಿ ಉಳಿದದ್ದನ್ನು ಪರೀಕ್ಷಿಸಿದರು. ಹಗುರದ್ದು ಮೊದಲು ಹಾರಿಹೋಗುತ್ತದೆ, ಭಾರದ್ದು ಹಿಂದೆ ಉಳಿಯುತ್ತದೆ. 1934ರಲ್ಲಿ ನೊಬೆಲ್ ಬಂತು. ಲೂಯಿಸ್ ಹಿಡಿದದ್ದು ಬೇರೆ ದಾರಿ, ಎಲೆಕ್ಟ್ರಾಲಿಸಿಸ್. ನೀರಿಗೆ ಕರೆಂಟ್ ಹಾಯಿಸಿದರೆ ಸಾಮಾನ್ಯ ಹೈಡ್ರೋಜನ್ ಬೇಗ ಹೊರಗೆ ಹೋಗುತ್ತದೆ, ಡ್ಯುಟೀರಿಯಂ ಸೋಮಾರಿ, ಉಳಿದ ನೀರಿನಲ್ಲೇ ಸೇರಿಕೊಳ್ಳುತ್ತದೆ. ವರ್ಷಗಟ್ಟಲೆ ಓಡಿದ ಹಳೆಯ ಸೆಲ್ಲಿನ ನೀರನ್ನೇ ಲೂಯಿಸ್ ಇನ್ನಷ್ಟು ಕರೆಂಟ್ ಹಾಯಿಸಿ ಕಮ್ಮಿ ಮಾಡುತ್ತಾ ಹೋದರು. ನಾರ್ವೆಯ ವೆಮೋರ್ಕ್ ಕಾರ್ಖಾನೆಯದೂ ಇದೇ ದಾರಿ. ಎರಡನೇ ಮಹಾಯುದ್ಧದಲ್ಲಿ ಜರ್ಮನಿಗೆ ಭಾರಜಲ ಸಿಗಬಾರದು ಅಂತ ಅದನ್ನು 1943ರಲ್ಲಿ ಸಿಡಿಸಿದ ಕಥೆ ಗೊತ್ತಿದ್ದವರು ಜಾಸ್ತಿ ಇದ್ದಾರೆ, ಬಿಡಿ.

ಬೇರ್ಪಡಿಸುವುದು ಅಂದರೆ ಎಂಥ ಕಷ್ಟ ಅಂತ ಮಾವನಿಗೆ ಹೇಳಲು ಮಂಡಕ್ಕಿ ಭಟ್ಟಿಗೇ ಕರೆದುಕೊಂಡು ಹೋದೆ. ಹೇಗೂ ಸಂಜೆ ಮಂಡಕ್ಕಿ ಮಿರ್ಚಿ ತಿನ್ನಬೇಕಿತ್ತು. ಭಟ್ಟಿಯಲ್ಲಿ ಕಾದ ಮರಳಿಗೆ ಅಕ್ಕಿ ಹಾಕಿ ನಾಲ್ಕು ಸಲ ತಿರುವುತ್ತಾರೆ, ಅಕ್ಕಿ ಚಟಪಟ ಅಂತ ಅರಳುತ್ತದೆ, ತಕ್ಷಣ ಜರಡಿಗೆ ಸುರಿಯುತ್ತಾರೆ. ಮರಳು ಕೆಳಗೆ, ಮಂಡಕ್ಕಿ ಮೇಲೆ. ಒಂದೇ ಏಟಿಗೆ ಕೆಲಸ ಮುಗಿಯಿತು, ಯಾಕೆಂದರೆ ಮರಳಿಗೂ ಮಂಡಕ್ಕಿಗೂ ಗಾತ್ರ ಅಜಗಜಾಂತರ. ಈಗ ಮಾವ, ಈ ಮಂಡಕ್ಕಿ ರಾಶಿಯಲ್ಲೇ 6,400 ಕಾಳಿಗೆ ಒಂದು ಕಾಳು ಕೂದಲೆಳೆಯಷ್ಟು ಬೇರೆ ಇದೆ ಅಂದುಕೊಳ್ಳಿ, ಜರಡಿಗೆ ಆ ವ್ಯತ್ಯಾಸ ಪೂರ್ತಿ ತಿಳಿಯುವುದಿಲ್ಲ, ಒಂದು ಸಲ ಜರಡಿ ಹಿಡಿದರೆ ಆ ಕಾಳು ಇರುವ ಸಾಧ್ಯತೆ ಒಂಚೂರು ಜಾಸ್ತಿಯಾಗುತ್ತದೆ ಅಷ್ಟೇ, ಆ ಒಂಚೂರನ್ನು ಹಿಡಿದು ಮತ್ತೆ ಜರಡಿ, ಮತ್ತೆ ಜರಡಿ, ಹೀಗೆ ನೂರಾರು ಸಲ. ಭಟ್ಟಿಯವರು ನಮ್ಮಿಬ್ಬರನ್ನೂ ವಿಚಿತ್ರವಾಗಿ ನೋಡುತ್ತಿದ್ದರು.

ನಮ್ಮ ದೇಶದಲ್ಲಿ ಮಣುಗೂರು ಮತ್ತು ಕೋಟಾದ ಭಾರಜಲ ಕಾರ್ಖಾನೆಗಳಲ್ಲಿ ಈ ಜರಡಿ ಅಂದರೆ ಹೈಡ್ರೋಜನ್ ಸಲ್ಫೈಡ್, ಅದೇ ಕೊಳೆತ ಮೊಟ್ಟೆ ವಾಸನೆಯ ವಿಷದ ಗ್ಯಾಸ್. ಎರಡು ಎತ್ತರದ ಗೋಪುರ. ಒಂದು ಸುಮಾರು 30 ಡಿಗ್ರಿ, ಇನ್ನೊಂದು 130. ಮೇಲಿಂದ ನೀರು ಇಳಿಯುತ್ತದೆ, ಕೆಳಗಿಂದ ಗ್ಯಾಸ್ ಏರುತ್ತದೆ. ತಣ್ಣಗಿದ್ದಾಗ ಡ್ಯುಟೀರಿಯಂಗೆ ನೀರಿನ ಮೇಲೆ ಒಲವು ಜಾಸ್ತಿ, ಬಿಸಿಯಾದಾಗ ಆ ಒಲವು ಕಮ್ಮಿಯಾಗಿ ಗ್ಯಾಸಿನ ಕಡೆ ವಾಲುತ್ತದೆ. ಹೀಗೆ ಎರಡೂ ಕಡೆಯಿಂದ ತಳ್ಳಿಸಿಕೊಂಡು ಎರಡು ಗೋಪುರದ ನಡುವೆ ಬಂದು ಸೇರುತ್ತದೆ, ಅಲ್ಲಿಂದ ಎಳೆದುಕೊಳ್ಳುತ್ತಾರೆ. ಗಮನಿಸಿ, ಇದು ಪೂರ್ತಿ ಕೆಮಿಸ್ಟ್ರಿ. ರಾಸಾಯನಿಕ ಗುಣ ನಿಜವಾಗಿ ಒಂದೇ ಆಗಿದ್ದರೆ ಈ ಕಾರ್ಖಾನೆ ಒಂದು ಹನಿ ಭಾರಜಲವನ್ನೂ ಕೊಡುತ್ತಿರಲಿಲ್ಲ. ಬೋರ್ಡ್ ಮೇಲೆ ನಾನು ಬರೆಯುವ ಸಾಲಿಗೆ ಗೋಪುರದಷ್ಟು ಎತ್ತರದ ಅಪವಾದ.

ಯಾಕೆ ಹೀಗೆ ಅಂದರೆ, ಎರಡು ಪರಮಾಣು ನಡುವಿನ ಬಂಧ ಒಂದು ಸ್ಪ್ರಿಂಗ್ ಇದ್ದಂತೆ, ಎಷ್ಟೇ ತಣ್ಣಗಾದರೂ ಸ್ವಲ್ಪ ನಡುಗುತ್ತಲೇ ಇರುತ್ತದೆ. ತುದಿಯಲ್ಲಿ ಭಾರದ ಗುಂಡು ಕಟ್ಟಿದರೆ ನಡುಕ ನಿಧಾನ, ಶಕ್ತಿ ಒಂದಿಷ್ಟು ಕೆಳಗೆ ಕೂತಿರುತ್ತದೆ. ಹಾಗಾಗಿ ಕಿತ್ತು ಹಾಕಲು ಜಾಸ್ತಿ ಶಕ್ತಿ ಬೇಕು. ಕಾರ್ಬನ್ ಜೊತೆಗಿನ ಹೈಡ್ರೋಜನ್ ಕೀಳುವ ಜಾಗದಲ್ಲಿ ಡ್ಯುಟೀರಿಯಂ ಇಟ್ಟರೆ, ಮಾಮೂಲಿ ಉಷ್ಣತೆಯಲ್ಲಿ ಕ್ರಿಯೆ ಆರೇಳು ಪಟ್ಟು ನಿಧಾನವಾಗುವುದೂ ಉಂಟು. ಹೈಡ್ರೋಜನ್ನಿಗೆ ಮಾತ್ರ ಈ ಭಾಗ್ಯ. ಅದರ ತೂಕ ಸೀದಾ ಎರಡು ಪಟ್ಟಾಗುತ್ತದೆ. ಕಾರ್ಬನ್ 12ಕ್ಕೂ 13ಕ್ಕೂ ವ್ಯತ್ಯಾಸ ಶೇ 8. ಯುರೇನಿಯಂ 235, 238ರ ನಡುವೆ ಶೇ 1.3. ಹಗುರ ಮೂಲವಸ್ತುಗಳಲ್ಲೇ ಈ ಆಟ ಜಾಸ್ತಿ ಯಾಕೆ ಅಂತ ಈಗ ಗೊತ್ತಾಯಿತಲ್ಲ.

ಇದನ್ನೇ ಔಷಧಿಯವರು ಹಿಡಿದುಕೊಂಡರು. ಡ್ಯುಟೆಟ್ರಾಬೆನಜೀನ್ ಅಂತ ಒಂದು ಮಾತ್ರೆ, ಹಂಟಿಂಗ್ಟನ್ ಕಾಯಿಲೆಯಲ್ಲಿ ಕೈಕಾಲು ತಾನಾಗಿ ಅಲ್ಲಾಡುವುದಕ್ಕೆ ಕೊಡುವುದು, 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಹಳೆಯ ಔಷಧಿಯದೇ ಅಣು. ದೇಹದ ಎಂಜೈಮ್ ಬಾಯಿ ಹಾಕುವ ಜಾಗದ ಆರು ಹೈಡ್ರೋಜನ್ ತೆಗೆದು ಡ್ಯುಟೀರಿಯಂ ಕೂರಿಸಿದ್ದಾರೆ. ಎಂಜೈಮಿಗೆ ಅಲ್ಲಿ ಕಚ್ಚಲು ತಡವಾಗುತ್ತದೆ, ಔಷಧಿ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಇದನ್ನು ಕ್ಲಾಸಿನಲ್ಲಿ ಹೇಳಿದರೆ ಮಕ್ಕಳು ಕಿವಿ ನಿಮಿರಿಸುತ್ತಾರೆ. ಹೇಳಲು ಅವಕಾಶ ಎಲ್ಲಿದೆ? ಪಿಯುಸಿ ಪುಸ್ತಕದಲ್ಲಿ ಹೈಡ್ರೋಜನ್ ಅಂತ ಒಂದು ಪಾಠ ಇತ್ತು, ಭಾರಜಲವೂ ಅದರಲ್ಲೇ ಇತ್ತು, ಪುಸ್ತಕದ ಹೊರೆ ಇಳಿಸುತ್ತೇವೆ ಅಂತ ಪಾಠವನ್ನೇ ಎತ್ತಿಬಿಟ್ಟರು.

ಹಾಗಾದರೆ ಭಾರದ್ದು ವಿಷವೇ? ಮಾವನ ನಿಜವಾದ ಪ್ರಶ್ನೆ ಇದು.

ಜಾಸ್ತಿಯಾದರೆ ಹೌದು. ಲೂಯಿಸ್ ತಾವು ತೆಗೆದ ಭಾರಜಲದಲ್ಲಿ ಹೊಗೆಸೊಪ್ಪಿನ ಬೀಜ ಹಾಕಿ ನೋಡಿದರು. ಶುದ್ಧ ಭಾರಜಲದಲ್ಲಿ ಮೊಳಕೆಯೇ ಬರಲಿಲ್ಲ. ಇಲಿಗಳಿಗೆ ಕುಡಿಸಿ ನೋಡಿದವರೂ ಇದ್ದಾರೆ. ದೇಹದ ನೀರಿನಲ್ಲಿ ಕಾಲು ಭಾಗ ಭಾರಜಲವಾದರೆ ಮರಿ ಹಾಕುವ ಶಕ್ತಿ ಹೋಗುತ್ತದೆ, ಮೂರನೇ ಒಂದು ಭಾಗ ದಾಟಿದರೆ ಬದುಕುವುದೇ ಕಷ್ಟ. ಜೀವಕೋಶ ಒಡೆದು ಎರಡಾಗುವುದಕ್ಕೇ ತೊಡಕು ಬರುತ್ತದೆ. ತಮಾಷೆ ಅಂದರೆ ಪಾಚಿ, ಕೆಲವು ಬ್ಯಾಕ್ಟೀರಿಯಾ ಇವೆಲ್ಲ ನಿಧಾನವಾಗಿ ರೂಢಿ ಮಾಡಿಸಿದರೆ ಹೆಚ್ಚುಕಮ್ಮಿ ಪೂರ್ತಿ ಭಾರಜಲದಲ್ಲೂ ಬೆಳೆಯುತ್ತವೆ. ದೊಡ್ಡ ಪ್ರಾಣಿಗಳಿಗೆ ಆ ತಾಳಿಕೆ ಇಲ್ಲ. ಇನ್ನು ರುಚಿ. ಯೂರಿಯೇ 1935ರಲ್ಲಿ ಏನೂ ವ್ಯತ್ಯಾಸ ಇಲ್ಲ ಅಂತ ಬರೆದಿದ್ದರು. ಆದರೆ 2021ರಲ್ಲಿ ಜೆರುಸಲೇಂ ಮತ್ತು ಪ್ರಾಗ್‌ನ ಸಂಶೋಧಕರು ಭಾರಜಲ ನಾಲಿಗೆಗೆ ಸ್ವಲ್ಪ ಸಿಹಿ, ನಾಲಿಗೆಯಲ್ಲಿ ಸಕ್ಕರೆ ಗುರುತಿಸುವ ಗ್ರಾಹಕವೇ ಇದನ್ನೂ ಗುರುತಿಸುತ್ತದೆ ಅಂತ ತೋರಿಸಿದರು. ಇಲಿಗಳಿಗೆ ಮಾತ್ರ ಆ ಸಿಹಿ ತಿಳಿಯಲಿಲ್ಲ. ಮಾವ ತಕ್ಷಣ "ಶುಗರ್ ಇರೋರು ಕುಡಿಬಾರದು ಹಂಗಾದ್ರೆ" ಅಂದರು. ಸಿಹಿ ಬೇರೆ, ಸಕ್ಕರೆ ಬೇರೆ ಮಾವ.

ಆದರೆ ಇಲಿಗೆ ಕೊಟ್ಟದ್ದು ಕಾಲು ಭಾಗ, ಮೂರನೇ ಒಂದು ಭಾಗ. ನಮ್ಮ ದೇಹದಲ್ಲಿರುವುದು ಎಷ್ಟು? 70 ಕೆಜಿ ಮನುಷ್ಯನಲ್ಲಿ ಸುಮಾರು 42 ಲೀಟರ್ ನೀರು. ಅದರಲ್ಲಿರುವ ಡ್ಯುಟೀರಿಯಂ ಎಲ್ಲ ಒಟ್ಟು ಮಾಡಿ ಭಾರಜಲ ಮಾಡಿದರೆ ಏಳು ಗ್ರಾಂ ಚಿಲ್ಲರೆ, ಸುಮಾರು ಒಂದೂಕಾಲು ಟೀ ಚಮಚ. ಅಷ್ಟು ಹುಟ್ಟಿದಾಗಿನಿಂದ ಇದೆ. ನಮ್ಮ ಅಜ್ಜ ಮುತ್ತಜ್ಜರಿಗೂ ಇತ್ತು, ದುರ್ಗದ ಪಾಳೇಗಾರರಿಗೂ ಇತ್ತು. ಮಾಮೂಲಿಗಿಂತ ಭಾರದ ನೀರನ್ನು ಅಳತೆ ಮಾಡಿ ಮನುಷ್ಯರಿಗೆ ಕುಡಿಸುವ ಪದ್ಧತಿಯೂ ಇದೆ. ಭಾರದ ಹೈಡ್ರೋಜನ್, ಭಾರದ ಆಕ್ಸಿಜನ್ ಎರಡೂ ಬೆರೆತ ನೀರನ್ನು ಒಂದಿಷ್ಟು ಕುಡಿಸಿ, ಮುಂದಿನ ಒಂದೆರಡು ವಾರ ಮೂತ್ರದಲ್ಲಿ ಎರಡೂ ಎಷ್ಟು ಬೇಗ ಇಳಿಯುತ್ತವೆ ಅಂತ ನೋಡಿ, ಆ ಮನುಷ್ಯ ದಿನಕ್ಕೆ ಎಷ್ಟು ಕ್ಯಾಲೊರಿ ಸುಡುತ್ತಾನೆ ಅಂತ ಲೆಕ್ಕ ಹಾಕುತ್ತಾರೆ. ಗರ್ಭಿಣಿಯರಿಗೆ, ಹಸುಗೂಸುಗಳಿಗೂ ಕೊಟ್ಟಿದ್ದಾರೆ.

ನಡುವೆ ಕಾರ್ಬನ್ ಬಗ್ಗೆ ಒಂದು ಮಾತು, ಇದು ನಮ್ಮ ಜಿಲ್ಲೆಯದೇ. ನೂರು ಕಾರ್ಬನ್ನಿನಲ್ಲಿ ಒಂದು ಕಾರ್ಬನ್-13. ಗಿಡಗಳು ಗಾಳಿಯಿಂದ ಕಾರ್ಬನ್ ಎಳೆಯುವಾಗ ಹಗುರದ್ದನ್ನೇ ಹೆಚ್ಚು ಆರಿಸಿಕೊಳ್ಳುತ್ತವೆ, ಆದರೆ ಎಲ್ಲ ಗಿಡಗಳೂ ಒಂದೇ ಹಟದಲ್ಲಲ್ಲ. ಭದ್ರಾ ನಾಲೆ ಕೆಳಗಿನ ಭತ್ತ ತುಂಬ ಆರಿಸುತ್ತದೆ. ಮಳೆ ನಂಬಿದ ಹೊಲದ ಮೆಕ್ಕೆಜೋಳ, ಬಿಳಿಜೋಳ, ರಾಗಿ, ನವಣೆ, ಜೊತೆಗೆ ನೀರಾವರಿಯ ಕಬ್ಬು ಇವು ಅಷ್ಟು ಆರಿಸುವುದಿಲ್ಲ. ಲ್ಯಾಬಿನ ಅಳತೆಯಲ್ಲಿ, ಅಂದರೆ ಒಂದು ಸ್ಟ್ಯಾಂಡರ್ಡಿಗೆ ಹೋಲಿಸಿ ಕಾರ್ಬನ್-13 ಸಾವಿರಕ್ಕೆ ಎಷ್ಟು ಕಮ್ಮಿ ಅನ್ನುವ ಲೆಕ್ಕದಲ್ಲಿ, ಭತ್ತ ಮೈನಸ್ 27ರ ಆಸುಪಾಸು, ಮೆಕ್ಕೆಜೋಳ ಮೈನಸ್ 12ರ ಆಸುಪಾಸು. ತಿಂದವರ ಕೂದಲಲ್ಲೂ ಈ ಗುರುತು ಉಳಿಯುತ್ತದೆ, ರೊಟ್ಟಿ ಉಣ್ಣುವವರು ಯಾರು ಅನ್ನ ಉಣ್ಣುವವರು ಯಾರು ಅಂತ ಕೂದಲು ನೋಡಿ ಹೇಳಬಹುದು. ಜೇನುತುಪ್ಪಕ್ಕೆ ಕಬ್ಬಿನ ಸಕ್ಕರೆ ಪಾಕ ಬೆರೆಸಿದರೆ ಸಿಕ್ಕಿಬೀಳುವುದೂ ಹೀಗೇ. ಜೇನುಹುಳ ಹೋಗುವ ಹೂವಿನ ಗಿಡಗಳು ಕಾರ್ಬನ್ ಆರಿಸುವುದರಲ್ಲಿ ಹೆಚ್ಚಾಗಿ ಭತ್ತದ ಗುಂಪಿನವು, ಕಬ್ಬು ಜೋಳದ ಗುಂಪಿನದು, ಕಾರ್ಬನ್ ಲೆಕ್ಕ ತಾಳೆಯಾಗುವುದಿಲ್ಲ. ಕಬ್ಬು ಜೋಳದ ಸಕ್ಕರೆ ಶೇ 7 ದಾಟಬಾರದು ಅಂತ ನಮ್ಮ ದೇಶದ ನಿಯಮವಿದೆ. ಅದಕ್ಕೇ ಕಳ್ಳರು ಈಗ ಅಕ್ಕಿಯಿಂದ ಮಾಡಿದ ಪಾಕ ಬೆರೆಸುತ್ತಾರೆ. ಅಕ್ಕಿಯದ್ದಾದರೆ ಈ ಪರೀಕ್ಷೆಗೆ ಸಿಗುವುದಿಲ್ಲ. ಕಳ್ಳರೂ ಐಸೋಟೋಪ್ ಓದಿಕೊಂಡಿದ್ದಾರೆ.

ಮತ್ತೆ ಬಾಟಲಿಗೆ ಬರೋಣ. ಡ್ಯುಟೀರಿಯಂ ಕಡಿಮೆ ಮಾಡಿದ ನೀರು ಅಂತ ಒಂದು ಇರುವುದು ನಿಜ. ಎತ್ತರದ ಗೋಪುರದಲ್ಲಿ ನೀರನ್ನು ಮತ್ತೆ ಮತ್ತೆ ಬಟ್ಟಿ ಇಳಿಸಿ ಮಾಡುತ್ತಾರೆ. ಜೀವಕೋಶಗಳ ಮೇಲೆ, ಇಲಿಗಳ ಮೇಲೆ ಪ್ರಯೋಗಗಳೂ ನಡೆದಿವೆ. ಆದರೆ ಮನುಷ್ಯರ ಶುಗರಿಗಾಗಲಿ ಇನ್ನೊಂದು ಕಾಯಿಲೆಗಾಗಲಿ ಇದು ಔಷಧಿ ಅಂತ ಒಪ್ಪಿತವಾಗಿಲ್ಲ. ಶಿಬಿರದಲ್ಲಿ ಆ ಮಾತು ಯಾರೂ ಹೇಳಲಿಲ್ಲವಂತೆ. ಮಾವ ದಿನಕ್ಕೆ ಒಂದು ಬಾಟಲಿ ಕುಡಿದರು ಅನ್ನೋಣ. ಊಟ, ಚಹಾ, ಮಜ್ಜಿಗೆ, ಬೋರಿನ ನೀರು ಎಲ್ಲ ಸೇರಿ ದಿನಕ್ಕೆ ಮೂರು ಲೀಟರ್ ಒಳಗೆ ಹೋಗುತ್ತದೆ. ಅದರಲ್ಲಿ ಅರ್ಧ ಲೀಟರ್ ಮಾತ್ರ 25ರದ್ದು, ಉಳಿದ ಎರಡೂವರೆ ಲೀಟರ್ ಮಾಮೂಲಿ 155ರದ್ದು. ಸರಾಸರಿ 133. ಬಾಟಲಿಯ ಮೇಲೆ 25, ಮಾವನ ದೇಹದಲ್ಲಿ ತಿಂಗಳುಗಟ್ಟಲೆ ಕುಡಿದ ಮೇಲೆ 133. ಬಿಟ್ಟ ಮರುದಿನದಿಂದ ಮತ್ತೆ ಏರಲು ಶುರು.

ಅದೂ ಬಾಟಲಿಯಲ್ಲಿ ನಿಜವಾಗಿ 25 ಇದ್ದರೆ! ಇದೇ ನನ್ನ ಹೊಟ್ಟೆ ಉರಿಸಿದ್ದು. ಹಾಲಿಗೆ ನೀರು ಬೆರೆಸಿದರೆ ಲ್ಯಾಕ್ಟೋಮೀಟರ್ ಹೇಳುತ್ತದೆ. ಇದನ್ನು ಹೇಗೆ ನೋಡುವುದು? ತೂಕ ಹಾಕೋಣ ಅಂದುಕೊಂಡೆ. 155ರಿಂದ 25ಕ್ಕೆ ಇಳಿದರೆ ಒಂದು ಲೀಟರಿನ ತೂಕದಲ್ಲಿ ಬರುವ ವ್ಯತ್ಯಾಸ 14 ಮಿಲಿಗ್ರಾಂ. ನೀರು ಒಂದು ಡಿಗ್ರಿಯ ಇಪ್ಪತ್ತನೇ ಒಂದು ಭಾಗ ಬಿಸಿಯಾದರೂ ಸಾಕು, ಹಿಗ್ಗಿ ಅಷ್ಟೇ ವ್ಯತ್ಯಾಸ ಬರುತ್ತದೆ. ಬಾಟಲಿಯ ಮೇಲೆ ಕೈ ಇಟ್ಟರೆ ಮುಗಿಯಿತು. ಅಳೆಯಬೇಕಾದರೆ ಮಾಸ್ ಸ್ಪೆಕ್ಟ್ರೋಮೀಟರ್ ಅಥವಾ ಲೇಸರ್ ಉಪಕರಣ ಬೇಕು, ಬೀದಿಯ ಯಾವ ಲ್ಯಾಬಿನಲ್ಲೂ ಇರುವುದಿಲ್ಲ. ಕೊಳ್ಳುವವರು ಯಾವತ್ತೂ ಪರೀಕ್ಷಿಸಲಾಗದ ಒಂದು ಗುಣವನ್ನು ₹350ಕ್ಕೆ ಮಾರುವುದು ಒಳ್ಳೆಯ ವ್ಯಾಪಾರ. ರಸೀದಿಯ ಮೇಲಿದ್ದ ನಂಬರಿಗೆ ಫೋನ್ ಮಾಡಿ ಟೆಸ್ಟ್ ರಿಪೋರ್ಟ್ ಕೇಳಿದೆ. ಕಳಿಸ್ತೀವಿ ಸರ್ ಅಂದರು. ಮೂರು ವಾರವಾಯಿತು.

ಮಾವನಿಗೆ ಲೆಕ್ಕವೆಲ್ಲ ಕಾಗದದ ಮೇಲೆ ಬರೆದು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ನೀನು ಮೊದಲೇ ಎಲ್ಲಾ ಒಂದೇ ಅಂದೆ, ಈಗ ಒಂದೇ ಅಲ್ಲ ಅಂತೀಯ" ಅಂತ ಒಂದು ಚುಚ್ಚಿದರು. ಮಾತ್ರೆ ನಿಲ್ಲಿಸಿಲ್ಲ ತಾನೇ ಅಂತ ಕೇಳಿದೆ. ಇಲ್ಲವಂತೆ, ಅತ್ತೆ ಬಿಡಲಿಲ್ಲವಂತೆ. ಆಮೇಲೆ ಡಬ್ಬದ ಕಡೆ ನೋಡಿ, "ಇನ್ವರ್ಟರ್ ಬ್ಯಾಟರಿಗಾದ್ರೂ ಹಾಕಬಹುದಲ್ಲ, ಬಟ್ಟಿ ಇಳಿಸಿದ ನೀರು ಅಂದ್ಯಲ್ಲ" ಅಂದರು. ನನಗೂ ಹೌದಲ್ಲ ಅನ್ನಿಸಿತು. ಬಾಟಲಿ ತಿರುಗಿಸಿ ನೋಡಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ 'ರುಚಿಗಾಗಿ ಖನಿಜಾಂಶ ಸೇರಿಸಲಾಗಿದೆ' ಅಂತ ಇತ್ತು. ಬ್ಯಾಟರಿಗೂ ಆಗುವುದಿಲ್ಲ.

ಈಗ ಬೆಳಿಗ್ಗೆ ಅದರಲ್ಲೇ ಚಹಾ ಮಾಡುತ್ತಿದ್ದೇವೆ. ಇನ್ನೂ ಏಳು ಬಾಟಲಿ ಇವೆ.